ಕೂಸಿಗೆ ನೀರು ಹಾಕಿದ ಕೈ

ಗಂಜಾಂ
6 ಜುಲೈ 2025

ಚಿರಂಜೀವಿ ಸಿಂಚನಳಿಗೆ,

ನಾಗಮಂಗಲಕ್ಕೆ ಮಕ್ಕಳ ಡಾಕ್ಟರಾಗಿ ಹೋಗಿ ನಾಲ್ಕು ತಿಂಗಳಾಯಿತು. ಬಂದದ್ದು ಎರಡೇ ಕಾಗದ. ಅದರಲ್ಲೊಂದು ಔಷಧಿ ಚೀಟಿಯಷ್ಟು ಉದ್ದ, ಅಕ್ಷರವೂ ಔಷಧಿ ಚೀಟಿಯದೇ. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಕನ್ನಡ ಪಾಠ ಹೇಳಿದವಳು ನಾನು. ನನ್ನ ಮನೆಯಲ್ಲೇ ಬೆಳೆದ ತಂಗಿ ಮಗಳ ಅಕ್ಷರ ಓದುವುದಕ್ಕೆ ನಿನ್ನ ದೊಡ್ಡಪ್ಪನನ್ನು ಕೂಗಬೇಕಾಯಿತು. ಅವರಿಗೂ ಅರ್ಧ ತಿಳಿಯಲಿಲ್ಲ.

ಫೋನು ಮಾಡುತ್ತೇನೆ ಅನ್ನಬೇಡ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಯಾರಾದರೂ ಎದುರು ನಿಂತು ಕಿರುಚಿದರೆ ಮಾತ್ರ ಕೇಳುತ್ತದೆ. ವಾಟ್ಸಾಪು ಅಂತೂ ಮಾತೂ ಅಲ್ಲ, ಕಾಗದವೂ ಅಲ್ಲ. ಬರಿ. ಬಿಡಿಸಿ ಬರಿ.

ಸಂಜೆ ನಿಮಿಷಾಂಬ ದೇವಸ್ಥಾನದ ಮೆಟ್ಟಿಲ ಮೇಲೆ ನಾವು ನಾಲ್ಕೈದು ಜನ ಹೆಂಗಸರು ಕೂರುತ್ತೇವಲ್ಲ, ಅಲ್ಲಿ ನಿನ್ನ ಕಾಗದ ಓದಿ ಹೇಳುತ್ತೇನೆ. ಹೂವು ಮಾರುವ ಬೈರಮ್ಮ ಕೂಡ ಬುಟ್ಟಿ ಬದಿಗಿಟ್ಟು ಕೇಳುತ್ತಾಳೆ. "ಅಮ್ಮಾರೆ, ನಿಮ್ ಮಗ್ಳು ನಮ್ ಕಡೀಕೇ ಓಗವ್ಳೆ ಬುಡಿ, ನಮ್ ತೌರು ಅಲ್ಲೇ ಒಣಕೆರೆ ತಾವ" ಎಂದು ನನಗಿಂತ ಜಾಸ್ತಿ ಬೀಗುತ್ತಾಳೆ. ಹೋದ ಸಲ ನೀನು ಬರೆದದ್ದು ನೆಗಡಿ, ಭೇದಿ, ಲಸಿಕೆ. ಇದರಲ್ಲಿ ನಾನು ಏನೆಂದು ಹೆಚ್ಚುಗಾರಿಕೆ ಕೊಚ್ಚಿಕೊಳ್ಳಲಿ? ಏನಾದರೂ ಘನವಾದದ್ದು ಬರಿ.

ಊಟ ಹೊತ್ತಿಗೆ ಸರಿಯಾಗಿ ಮಾಡು.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ ಸರೋಜ

*

ನಾಗಮಂಗಲ
13 ಜುಲೈ 2025

ದೊಡ್ಡಮ್ಮನಿಗೆ ನಮಸ್ಕಾರ.

ಘನವಾದದ್ದು ಕೇಳಿದೆಯಲ್ಲ, ತಗೋ. ಆದರೆ ಇದನ್ನು ಮೆಟ್ಟಿಲ ಮೇಲೆ ಓದಬೇಡ. ಅದಕ್ಕೇ ಯಾರ ಹೆಸರನ್ನೂ ಬರೆದಿಲ್ಲ.

ನಿನ್ನೆ ಒಂದು ಕೂಸು ಬಂತು. ಹೆಣ್ಣು ಮಗು, ತಿಂಗಳು ತುಂಬಿ ಸ್ವಲ್ಪ ದಿನವಾಗಿದೆ. ಬಲಗೈಗೆ ಬಿದಿರು ದಬ್ಬೆ ಇಟ್ಟು ಬಟ್ಟೆ ಸುತ್ತಿದ್ದರು. ಕೈ ಎತ್ತುತ್ತಿಲ್ಲ ಎಂದು ಮೂಳೆ ಕಟ್ಟುವವರ ಹತ್ತಿರ ಹೋಗಿ ಕಟ್ಟಿಸಿಕೊಂಡು ಬಂದಿದ್ದರಂತೆ. ಮಗುವಿನ ತಾಯಿಯ ಜೊತೆಗೆ ಬಂದವರು ಅವಳ ಅತ್ತೆ, ಕೆ.ಆರ್. ಪೇಟೆ ಕಡೆಯವರು. ನಾನು ಕೇಳುವ ಮೊದಲೇ ತೀರ್ಪು ಕೊಟ್ಟರು.

"ಬಾಣ್ತನಕ್ಕೆ ಅಂತ ತೌರ್ಗೆ ಕಳುಸಿದ್ವಿ ಕಣಮ್ಮ. ಇವ್ರವ್ವ ನೀರಾಕ್ವಾಗ ಕೈ ತಿರುಚ್ಬುಟ್ಟವ್ಳೆ. ವಯಸ್ಸಾದ್ ಮ್ಯಾಲೆ ಸುಮ್ಕಿರ್ಬೇಕಪ್ಪ."

ಆ 'ಇವ್ರವ್ವ', ಅಂದರೆ ತಾಯಿಯ ತಾಯಿ, ಬಾಗಿಲ ಹೊರಗೆ ನಿಂತಿದ್ದರು. ಊರಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಎಣ್ಣೆ ತೀಡಿ ನೀರು ಹಾಕುವುದಕ್ಕೆ ಇವರನ್ನೇ ಕರೆಯುತ್ತಾರಂತೆ. ಈಗ ಸ್ವಂತ ಮೊಮ್ಮಗಳನ್ನು ಮುಟ್ಟುವಂತಿಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು.

ನಿಜ ಹೇಳುತ್ತೇನೆ, ಮೊದಲ ನೋಟಕ್ಕೆ ನನಗೂ ಹಾಗೇ ಅನ್ನಿಸಿತು. ದಬ್ಬೆ ಬಿಚ್ಚಿದೆ. ಕೈ ಜೋತುಬಿತ್ತು, ಮುಟ್ಟಿದರೆ ಚಿಟ್ಟನೆ ಚೀರಿತು. ಆದರೆ ಅದರ ಅಂಗೈಯಲ್ಲಿ ನನ್ನ ಬೆರಳಿಟ್ಟಾಗ ಗಟ್ಟಿಯಾಗಿ ಹಿಡಿದುಕೊಂಡಿತು ದೊಡ್ಡಮ್ಮ! ನರ ಹೋದ ಕೈ ಹಾಗೆ ಹಿಡಿಯುವುದಿಲ್ಲ. ಕೈಗೆ ಶಕ್ತಿ ಇದೆ, ನೋವಿಗೆ ಹೆದರಿ ಎತ್ತುತ್ತಿಲ್ಲ ಅಷ್ಟೆ. ಅಲ್ಲಿಂದ ನಾನು ಕೈಯನ್ನು ಬಿಟ್ಟು ಇಡೀ ಮಗುವನ್ನು ನೋಡತೊಡಗಿದೆ.

ಮೂಗು ಕಟ್ಟಿಕೊಂಡಿದೆ. ಹುಟ್ಟಿ ಎರಡು ವಾರವಾದಾಗಿನಿಂದ ಹಾಗೇ ಇದೆಯಂತೆ. ಹಾಲು ಕುಡಿಯುವಾಗ ಉಸಿರು ಸಾಲದೆ ಬಿಟ್ಟುಬಿಟ್ಟು ಅಳುತ್ತದೆ. ಸಿಂಬಳದಲ್ಲಿ ರಕ್ತದ ಎಳೆ. ಮನೆಯವರ ಪ್ರಕಾರ ಅದು ಶೀತ. ಅಂಗಾಲಿನ ಚರ್ಮ ಸುಲಿದಿದೆ. ಅದು ಬಿಸಿನೀರು ಹೆಚ್ಚಾಗಿ ಆದದ್ದು ಎಂದು ಅದನ್ನೂ ಅಜ್ಜಿಯ ತಲೆಗೇ ಕಟ್ಟಿದ್ದರು. ಹೊಟ್ಟೆ ಉಬ್ಬಿದೆ, ಅದು ಬಾಣಂತಿ ಪಥ್ಯ ತಪ್ಪಿದ್ದರಿಂದ. ಒಂದೊಂದಕ್ಕೂ ಒಂದೊಂದು ಕಾರಣ ಇತ್ತು, ಎಲ್ಲವೂ ಹೆಂಗಸರದೇ ತಪ್ಪು. ಹೊಟ್ಟೆ ಮುಟ್ಟಿ ನೋಡಿದರೆ ಪಿತ್ತಜನಕಾಂಗ, ಗುಲ್ಮ ಎರಡೂ ದಪ್ಪಗಾಗಿವೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಮೈ ಜುಂ ಎಂದಿತು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ.

ನೋವಿರುವ ಕೈಯೊಂದಕ್ಕೇ ಅಲ್ಲ, ಎರಡು ಕೈ, ಎರಡು ಕಾಲು, ನಾಲ್ಕಕ್ಕೂ ಎಕ್ಸ್‌ರೇ ತೆಗೆಸಿದೆ. ನಾಲ್ಕರಲ್ಲೂ ಮೂಳೆಯ ತುದಿ ಗೆದ್ದಲು ಹಿಡಿದಂತಿತ್ತು. ಎರಡೂ ಮೊಣಕಾಲಿನ ಕೆಳಗೆ, ಒಳಮಗ್ಗುಲಲ್ಲಿ, ಒಂದೇ ಜಾಗದಲ್ಲಿ ಸವೆದಿತ್ತು. ನೀರು ಹಾಕುವ ಕೈ ಒಂದು ತೋಳನ್ನು ತಿರುಚಬಹುದು. ನಾಲ್ಕು ಕೈಕಾಲಿನ ಮೂಳೆಯನ್ನು ಒಳಗಿನಿಂದ ಹೀಗೆ ಒಂದೇ ಸಮ ತಿನ್ನಲಾರದು.

ಇದು ಸಿಫಿಲಿಸ್. ತಾಯಿಯಿಂದ ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ಬರುತ್ತದೆ. ಹುಟ್ಟುವಾಗ ಮಗು ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಹೀಗೆ ಒಂದೊಂದಾಗಿ ಹೊರಗೆ ಬರುತ್ತದೆ.

ನನಗೆ ಅನುಮಾನವಿಲ್ಲ. ಆದರೆ ತಾಯಿಯ ರಕ್ತಪರೀಕ್ಷೆ 'ಇಲ್ಲ' ಎಂದು ಬಂದಿದೆ. ಲ್ಯಾಬಿನ ಶಂಕರ್ "ಇಲ್ಲ ಅಂದ್ರೆ ಇಲ್ಲ ಮೇಡಂ, ಎಕ್ಸ್‌ರೇ ನೋಡಿ ರಕ್ತಾನ ಅನುಮಾನಿಸ್ತೀರಲ್ಲ" ಎಂದು ನಕ್ಕರು. ರೋಗ ಜೋರಾಗಿದ್ದಾಗ ರಕ್ತದಲ್ಲಿ ಅದರ ಗುರುತು ವಿಪರೀತ ಹೆಚ್ಚಾಗಿ, ಪರೀಕ್ಷೆಯೇ ತಬ್ಬಿಬ್ಬಾಗಿ 'ಇಲ್ಲ' ಎನ್ನುವುದುಂಟು. ಅದನ್ನು ತೆಳುಮಾಡಿ ಮತ್ತೆ ನೋಡಬೇಕು. ನಾಳೆ ಬೆಳಿಗ್ಗೆ ಮಾಡಿಕೊಡಿ ಎಂದು ಪಟ್ಟು ಹಿಡಿದು ಬಂದಿದ್ದೇನೆ. ಔಷಧಿಯನ್ನು ಮಾತ್ರ ನಾಳೆಗೆ ಬಿಡಲಿಲ್ಲ, ಇವತ್ತೇ ಶುರುಮಾಡಿದೆ.

ಸಿಂಚನ

*

ನಾಗಮಂಗಲ
14 ಜುಲೈ 2025

ದೊಡ್ಡಮ್ಮ,

ನಿನ್ನೆಯ ಕಾಗದ ಇನ್ನೂ ಪಾಂಡವಪುರವನ್ನೂ ದಾಟಿರಲಿಕ್ಕಿಲ್ಲ, ತಡೆಯಲಾರದೆ ಬರೆಯುತ್ತಿದ್ದೇನೆ. ತೆಳುಮಾಡಿದ ರಕ್ತ 'ಇದೆ' ಎಂದಿತು. ಜೋರಾಗಿ ಇದೆ! ತಾಯಿಯ ರಕ್ತದ ಗುರುತು ಮಗುವಿಗೂ ಹರಿದು ಬರುತ್ತದೆ, ಆದ್ದರಿಂದ ಮಗುವಿನಲ್ಲಿ ಬರೀ ಇದ್ದರೆ ಸಾಲದು. ಮಗುವಿನ ಮಟ್ಟ ತಾಯಿಯದರ ನಾಲ್ಕು ಪಟ್ಟಾದರೂ ಇದ್ದರೆ ಅದು ಮಗುವಿನದೇ ರೋಗ. ಅದಕ್ಕೂ ಜಾಸ್ತಿ ಇತ್ತು. ಶಂಕರ್ ಪರೀಕ್ಷೆಯ ಗಾಜಿನ ತುಂಡನ್ನು ನನ್ನ ಮುಂದೆ ಇಟ್ಟು "ಸರಿ ಮೇಡಂ, ನೀವೇ ಗೆದ್ರಿ" ಎಂದರು.

ಹತ್ತು ದಿನ ಪೆನಿಸಿಲಿನ್ ತಪ್ಪದೆ ಹೋದರೆ ಈ ಮಗು ಉಳಿಯುತ್ತದೆ, ಕೈಯನ್ನೂ ಎತ್ತುತ್ತದೆ. ಇವತ್ತು ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯಾಗಿದೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಸಿಂಚನ

*

ಗಂಜಾಂ
20 ಜುಲೈ 2025

ಚಿ. ಸಿಂಚನಳಿಗೆ,

ಎರಡೂ ಕಾಗದ ಒಟ್ಟಿಗೇ ಬಂದವು. ಭಲೆ! ನಿನ್ನ ದೊಡ್ಡಪ್ಪ ಎರಡು ಸಲ ಓದಿಸಿಕೊಂಡು ಕಣ್ಣು ಒರೆಸಿಕೊಂಡರು. ಈರುಳ್ಳಿ ಹೆಚ್ಚುತ್ತಿದ್ದೆ, ಅದಕ್ಕೆ ಎಂದರು. ಹೆಚ್ಚುತ್ತಿದ್ದವಳು ನಾನು.

ಆದರೆ ಮಗೂ, ಇಂಥ ರೋಗವನ್ನೇ ಕಂಡುಹಿಡಿಯಬೇಕಿತ್ತೆ? ನಮ್ಮ ಕಾಲದಲ್ಲಿ ಮರ್ಯಾದಸ್ಥರು ಇದರ ಹೆಸರೆತ್ತುತ್ತಿರಲಿಲ್ಲ. ಆ ಹುಡುಗಿ ಎಂಥವಳೋ ಏನೋ. ಕೂಸಿನ ಗತಿ ನೋಡು, ತಾಯಿ ಮಾಡಿದ್ದನ್ನು ಅದು ಉಣ್ಣಬೇಕು.

ಮೆಟ್ಟಿಲ ಮೇಲೆ ಕಾಗದ ಓದಲಿಲ್ಲ, ನಿನ್ನಾಣೆ. ರೋಗದ ಹೆಸರನ್ನೂ ಹೇಳಲಿಲ್ಲ. ಆದರೆ ಪೂರ್ತಿ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಆಗುವ ಕೆಲಸವೇ? "ಯಾರ ಕೈಯಲ್ಲೂ ಆಗದ್ದನ್ನು, ಲ್ಯಾಬಿನವರೇ ಇಲ್ಲ ಎಂದದ್ದನ್ನು ನಮ್ಮ ಸಿಂಚನ ಕಂಡುಹಿಡಿದಳು. ಒಂದು ಕೂಸನ್ನು ಉಳಿಸಿದಳು" ಎಂದು ಇಷ್ಟೇ ಇಷ್ಟು ಹೇಳಿದೆ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ಬೈರಮ್ಮ ಒಂದು ಮೊಳ ಮಲ್ಲಿಗೆ ಪುಕ್ಕಟೆ ಕೊಟ್ಟಳು. ಅವಳು ಪುಕ್ಕಟೆ ಕೊಟ್ಟದ್ದನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ.

ಅಕ್ಷರ ಸುಧಾರಿಸಿದೆ. 'ಪರೀಕ್ಷೆ'ಯ ಕ್ಷ ಮಾತ್ರ ಇನ್ನೂ ಸೊಟ್ಟ.

ದೊಡ್ಡಮ್ಮ

*

ನಾಗಮಂಗಲ
25 ಜುಲೈ 2025

ದೊಡ್ಡಮ್ಮನಿಗೆ,

ಮಲ್ಲಿಗೆ ಸಿಕ್ಕಿದ್ದಕ್ಕೆ ಸಂತೋಷ. ಉಳಿದದ್ದಕ್ಕೆ ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ.

"ಎಂಥವಳೋ ಏನೋ" ಎಂದು ಬರೆದೆಯಲ್ಲ, ಅವಳು ಎಂಥವಳೆಂದು ಹೇಳುತ್ತೇನೆ ಕೇಳು. ಇನ್ನೂ ಚಿಕ್ಕ ಹುಡುಗಿ. ಮದುವೆಯಾಗಿ ಎರಡು ವರ್ಷವೂ ಆಗಿಲ್ಲ. ಬಸುರಿಯಾದ ಮೂರನೇ ತಿಂಗಳಲ್ಲಿ ಗಂಡನ ಊರಿನಲ್ಲಿ ರಕ್ತ ಕೊಟ್ಟಿದ್ದಾಳೆ, ಆಗ 'ಇಲ್ಲ' ಎಂದು ಬಂದಿದೆ. ಕೊನೆಯ ತಿಂಗಳುಗಳಲ್ಲಿ ಇನ್ನೊಂದು ಸಲ ನೋಡಬೇಕು. ಅಷ್ಟರಲ್ಲಿ ಬಳೆ ತೊಡಿಸುವ ಶಾಸ್ತ್ರ ಮಾಡಿ ತವರಿಗೆ ಕಳಿಸಿದರು. ಅಲ್ಲಿಯವರು ಇಲ್ಲಿ ನೋಡುತ್ತಾರೆ ಎಂದುಕೊಂಡರು, ಇಲ್ಲಿಯವರು ಅಲ್ಲಿ ಆಗಿರುತ್ತದೆ ಎಂದುಕೊಂಡರು. ಮೊದಲ ಹೆರಿಗೆ ತವರಲ್ಲೇ ಆಗಬೇಕೆಂಬ ಪ್ರೀತಿ ದೊಡ್ಡದು. ಆ ಪ್ರೀತಿಯ ದಾರಿಯಲ್ಲೇ ಒಂದು ರಕ್ತಪರೀಕ್ಷೆ ಬಿದ್ದುಹೋಯಿತು.

ಯಾರಿಂದ ಯಾರಿಗೆ ಬಂತು ಎಂದು ನಾನು ಕೇಳಲಿಲ್ಲ. ಬಾಗಿಲು ಹಾಕಿಕೊಂಡು ಅವಳೊಬ್ಬಳಿಗೇ ಹೇಳಿದೆ. ಸೂಜಿಯಿಂದ ವಾಸಿಯಾಗುವ ರೋಗ ಇದು, ನೀನು ಕೆಟ್ಟವಳೂ ಅಲ್ಲ, ಕೊಳಕೂ ಅಲ್ಲ ಎಂದೆ. ಅವಳು ಕೇಳಿದ್ದು ಒಂದೇ. "ಕೂಸು ಉಳೀತದಾ ಮೇಡಂ?" ತನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮಾರನೇ ದಿನ ಗಂಡನನ್ನು ಅವಳೇ ಕರೆಸಿದಳು. ಅವನು ತಲೆ ತಗ್ಗಿಸಿಕೊಂಡು ಬಂದು ರಕ್ತ ಕೊಟ್ಟ, ಸೂಜಿ ಹಾಕಿಸಿಕೊಂಡ. ಇಂಥವಳು ಅವಳು.

ಕೂಸಿನ ಔಷಧಿ ಮುಗಿದು ತಾಯಿಯ ತವರಿಗೆ ಹೋಗಿದೆ. ಮೂಗು ಬಿಟ್ಟಿದೆ, ಒಂದೇ ಸಮನೆ ಹಾಲು ಕುಡಿಯುತ್ತದೆ, ಕೈ ಆಡಿಸಲು ಶುರುಮಾಡಿದೆ. ಆದರೆ ಮೊದಲ ಸೂಜಿ ಬಿದ್ದ ದಿನ ಜ್ವರ ಏರಿತ್ತು. ಈ ರೋಗದಲ್ಲಿ ಹಾಗಾಗುವುದುಂಟು, ಒಂದು ದಿನದಲ್ಲಿ ಇಳಿಯಿತು. ಅಷ್ಟಕ್ಕೇ "ಡಾಕ್ಟ್ರು ಕೂಸ್ನ ಕೆಡ್ಸವ್ಳೆ" ಎಂದು ವಾರ್ಡಿನಲ್ಲೆಲ್ಲ ಸುದ್ದಿ. ರೋಗದ ಹೆಸರೇನು ಎಂದು ಅತ್ತೆ ಕೇಳಿದರು, ನಾನು ಹೇಳಲಿಲ್ಲ. ಅದು ತಾಯಿಯ ಗುಟ್ಟು, ನನ್ನದಲ್ಲ.

ಮನಸ್ಸು ಕಹಿಯಾಗಿರುವುದು ಬೇರೆಯದಕ್ಕೆ. ಅತ್ತೆ ಈಗಲೂ ಅಜ್ಜಿಯೇ ಕೈ ತಿರುಚಿದ್ದು, ದಬ್ಬೆ ಕಟ್ಟಿಸಿದ್ದಕ್ಕೆ ಸರಿಹೋಯಿತು ಎನ್ನುತ್ತಿದ್ದಾರೆ. ಆಗಸ್ಟ್ ಎಂಟಕ್ಕೆ ಮಗುವನ್ನು ಮತ್ತೆ ತೋರಿಸಲು ಬರಬೇಕು. ಅವತ್ತು ಆಸ್ಪತ್ರೆಯಿಂದಲೇ ತಾಯಿ ಮಗುವನ್ನು ಕೆ.ಆರ್. ಪೇಟೆಗೆ ಕರೆದುಕೊಂಡು ಹೋಗುತ್ತಾರಂತೆ. ಬಾಣಂತನ ಅರ್ಧಕ್ಕೆ ನಿಲ್ಲಿಸಿ, ತವರಿನ ಮಡಿಲು ತುಂಬಿಸಿಕೊಳ್ಳದೆ. ಹಾಗಾದರೆ ಆ ಅಜ್ಜಿ ಊರಿನಲ್ಲಿ ತಲೆಯೆತ್ತಲಾರರು. ಅವರ ಕೈಗೆ ಇನ್ಯಾರೂ ಕೂಸು ಕೊಡುವುದಿಲ್ಲ. ಒಂದು ಮಾತು ಹೇಳಿದರೆ ಅಜ್ಜಿ ಗೆಲ್ಲುತ್ತಾರೆ, ಮಗಳು ಮುಳುಗುತ್ತಾಳೆ. ಏನು ಮಾಡಲಿ ಎಂದು ಇನ್ನೂ ತೋಚಿಲ್ಲ.

ಸಿಂಚನ

*

ಗಂಜಾಂ
3 ಆಗಸ್ಟ್ 2025

ಸಿಂಚನಳಿಗೆ,

ಬೈದದ್ದು ಸರಿ. ನಿನ್ನ ಕಾಗದ ಓದಿ ಎರಡು ದಿನ ಮುಖ ಊದಿಸಿಕೊಂಡಿದ್ದೆ, ಮೂರನೇ ದಿನ ನಾಚಿಕೆಯಾಯಿತು. ಆ ಹುಡುಗಿಯ ಬಗ್ಗೆ ನಾನು ಹಾಗೆ ಬರೆಯಬಾರದಿತ್ತು.

ಈಗ ಕೇಳು. ಬೈರಮ್ಮ ತವರಿಗೆ ಹೋಗಿ ಬಂದಳು. ನಿನ್ನೆ ಸಂಜೆ ಮೆಟ್ಟಿಲ ಮೇಲೆ ನನ್ನ ಬಲಗಿವಿಗೆ ಬಾಯಿಟ್ಟು ಕೂಗಿದಳು. ಅವಳು ಗುಟ್ಟು ಹೇಳಿದರೂ ಹೊಳೆಯಾಚೆಗೆ ಕೇಳುತ್ತದೆ, ನಿನಗೆ ಗೊತ್ತಲ್ಲ.

"ಅಮ್ಮಾರೆ! ನಮ್ ಚಿಕ್ಕವ್ವನ ಮಗ್ಳು ಪುಟ್ಟಲಕ್ಷ್ಮಮ್ಮ ಅಂತ ಅವ್ಳೆ. ಮೊಮ್ಮಗಿನ ಕೈ ತಿರುಚ್ಬುಟ್ಳು ಅಂತ ಬೀಗ್ರು ಉಗೀತಾವ್ರೆ. ಅನ್ನ ಬುಟ್ಟವ್ಳೆ ಪಾಪ. ಕೂಸ್ನ ನೋಡಿದ್ದು ನಿಮ್ ಡಾಕ್ಟ್ರು ಮಗ್ಳೇ ಅಂತೆ! ಏನ್ ಕಾಯ್ಲೆ ಅಂದ್ರೆ ಎಸ್ರೇ ಏಳಾಕಿಲ್ವಂತೆ. ಸೂಜಿ ಚುಚ್ಚಿ ಜ್ವರ ಬರುಸವ್ಳಂತೆ. ಯಾರ್ಗೂ ಗೊತ್ತಾಗ್ದಿದ್ದ ಕಾಯ್ಲೆ ಕಂಡಿಡುದ್ಲು ಅಂದ್ರಲ್ಲಾ, ಅದ್ಯಾವ್ದು ಏಳಿ ಮತ್ತೆ! ಅವ್ಳಿಗೇ ಗೊತ್ತಿಲ್ವಂತೆ!"

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನೀನು ಹೆಸರು ಬರೆಯಲಿಲ್ಲ, ಬೈರಮ್ಮ ತಂದು ನನ್ನ ಮಡಿಲಿಗೇ ಹಾಕಿದಳು. ನನ್ನ ಕಿವಿ ಹೋಗಿದೆ, ನಾಲಿಗೆ ಚೆನ್ನಾಗಿದೆ. ನಿನ್ನನ್ನು ಎಲ್ಲರ ಮುಂದೆ ದಡ್ಡಿ ಎಂದು ಕೂಗಿದರೆ ಸುಮ್ಮನಿರುವ ಜಾತಿ ನಾನಲ್ಲ.

ನಾನು ಒಂದು ಮಾತು ಹೇಳಿದೆ. ಏನೆಂದು ಬರೆಯುವುದಕ್ಕೂ ನಾಚಿಕೆ. ಅಂಥ ಮಾತು ಈ ಬಾಯಿಂದ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ರಾತ್ರಿ ಊಟ ಸೇರಲಿಲ್ಲ. ನೀನು ಬಂದಾಗ ಹೇಳುತ್ತೇನೆ, ಬೈಯಬೇಡ.

ದೊಡ್ಡಮ್ಮ

*

ನಾಗಮಂಗಲ
6 ಆಗಸ್ಟ್ 2025

ದೊಡ್ಡಮ್ಮ,

ಏನು ಹೇಳಿದೆ?

ಬೈರಮ್ಮನಿಗೆ ಹೇಳಿದೆಯಾ? ಅಷ್ಟು ಜನರ ಮುಂದೆ? ನನ್ನ ಮಾನ ಉಳಿಸುವುದಕ್ಕಾ? ನನಗೆ ಆ ಮಾನ ಬೇಕಿರಲಿಲ್ಲ. ದೊಡ್ಡಪ್ಪನಿಗೆ ಫೋನು ಮಾಡಿದರೆ "ಅವಳು ದೇವರ ಮುಂದೆ ಕೂತಿದ್ದಾಳೆ, ನನಗೂ ಏನೂ ಹೇಳುತ್ತಿಲ್ಲ" ಎನ್ನುತ್ತಾರೆ.

ನಿನಗೆ ಬರೆದದ್ದೇ ನನ್ನ ತಪ್ಪು. ಹೆಸರಿಲ್ಲದಿದ್ದರೆ ಸಾಕು ಎಂದುಕೊಂಡೆ. ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು ಎನ್ನುವುದನ್ನು ಮರೆತೆ. ಆ ಹುಡುಗಿ ನಾಳಿದ್ದು ಬರುತ್ತಾಳೆ. ನಾನು ಯಾವ ಮುಖ ಹೊತ್ತು ಅವಳ ಮುಂದೆ ಕೂರಲಿ?

ಸಿಂಚನ

*

ನಾಗಮಂಗಲ
9 ಆಗಸ್ಟ್ 2025

ನನ್ನ ದೊಡ್ಡಮ್ಮನಿಗೆ,

ಮೊನ್ನೆಯ ಕಾಗದ ಕೈಗೆ ಬಂದಿದ್ದರೆ ಹರಿದುಹಾಕು. ನಿನ್ನ ಕಾಲಿಗೆ ಬೀಳುತ್ತೇನೆ.

ಈ ಕಾಗದವನ್ನು ಆ ತಾಯಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. ನಿನಗೆ ಎಲ್ಲ ಗೊತ್ತು ಎಂದು ಅವಳಿಗೆ ಹೇಳಿಬಿಟ್ಟೆ, ತಪ್ಪು ನನ್ನದು ಎಂದೆ. ಆಮೇಲೆ ನಡೆದದ್ದನ್ನೆಲ್ಲ ನೋಡಿ "ಅವ್ರಿಗೆ ಬರೀರಿ ಮೇಡಂ" ಎಂದಳು.

ನಿನ್ನೆ ಬೆಳಿಗ್ಗೆ ಓಪಿಡಿ ಶುರುವಾಗುವ ಮೊದಲೇ ಪುಟ್ಟಲಕ್ಷ್ಮಮ್ಮ ಬಂದು ಕೂತಿದ್ದರು. ಜೊತೆಗೆ ಬೈರಮ್ಮ. ಬೀಗರು ಒಬ್ಬಂಟಿ ಮಾಡಿ ಬೈಯಬಾರದೆಂದು ಗಂಜಾಮಿನಿಂದ ಬಂದಿದ್ದಳು. ರೋಗದ ಹೆಸರು ಇವಳಿಗೆ ಗೊತ್ತಾಗಿದೆಯೇನೋ ಎಂದು ಹೆದರಿದೆ. ಬೈರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವೇ ಏನವ್ವ ಸರೋಜಮ್ಮಾರ ಮಗ್ಳು? ಬೇಜಾರ್ ಮಾಡ್ಕಬ್ಯಾಡಿ. ನಿಮ್ ದೊಡ್ಡವ್ವಾರೇ ಎಲ್ಲಾರ ಎದುರ್ಗೂ ಏಳುದ್ರು, 'ಔದು ಬೈರಮ್ಮ, ಅವಳಿಗೆ ಆ ರೋಗ ಏನೂ ಅಂತ ಗೊತ್ತಾಗಿಲ್ಲ. ನಾನೇ ಸುಮ್ಮನೆ ಜಂಬ ಕೊಚ್ಚಿಕೊಂಡೆ' ಅಂತ. ಕಣ್ಣಾಗೆ ನೀರಾಕ್ಕೊಂಡ್ರು ಪಾಪ. ಓಗ್ಲಿ ಬುಡಿ, ಎಲ್ಲಾರ್ಗೂ ಎಲ್ಲಾ ಗೊತ್ತಿರ್ತದಾ?"

ದೊಡ್ಡಮ್ಮ, ಮೊದಲು ನನಗೆ ನೋವಾಯಿತು. ಒಂದು ಗಳಿಗೆ ನಿಜಕ್ಕೂ ನೋವಾಯಿತು, ನೀನೇ ಹೀಗಂದೆಯಲ್ಲ ಎಂದು. ಆಮೇಲೆ ಅರ್ಥವಾಯಿತು. ನನ್ನ ಮೂರನೇ ಕ್ಲಾಸಿನ ಮಾರ್ಕ್ಸ್ ಕಾರ್ಡನ್ನೂ ಬೀದಿಗೆಲ್ಲ ತೋರಿಸಿದವಳು ನೀನು. ಆ ಮೆಟ್ಟಿಲ ಮೇಲೆ ಕೂತು ಅಂಥ ಮಾತನ್ನು ಹೇಗೆ ಆಡಿದೆ?

ಬೈರಮ್ಮ ಟೀ ತರಲು ಹೋದಾಗ ಪುಟ್ಟಲಕ್ಷ್ಮಮ್ಮ ನನ್ನ ಹತ್ತಿರ ಬಂದರು. ಮಗಳು ಹಿಂದಿನ ದಿನವೇ ತಾಯಿಗೆ ಎಲ್ಲ ಹೇಳಿಬಿಟ್ಟಿದ್ದಾಳೆ.

"ಅವ್ವಾ, ಒಂದ್ ಮಾತು. ನನ್ ಕೈಯೇ ತಿರುಚ್ತು ಅಂತ ಇರ್ಲಿ ಬುಡಿ. ನೀವ್ ಬಾಯ್ ಬುಡ್ಬ್ಯಾಡಿ. ಎಣ್ಮಗಿನ ಎಸ್ರು ಕೆಟ್ರೆ ತಿರ್ಗಾ ಬರಾಕಿಲ್ಲ. ಮುದ್ಕಿ ಎಸ್ರು ಕೆಟ್ರೆ ಏನಾದದು?"

ಅವರು ಇದನ್ನು ಅಳುತ್ತಾ ಹೇಳಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಮಗಳಿಗೆ ಏನೋ ಕೊಡುವವರ ಹಾಗೆ ಹೇಳಿದರು. ಇಲ್ಲ, ಈ ಸುಳ್ಳನ್ನು ನಾನು ಇವರ ತಲೆಯ ಮೇಲೆ ಕೂರಿಸುವುದಿಲ್ಲ ಎಂದು ಆಗಲೇ ತೀರ್ಮಾನಿಸಿದೆ. ಸುಳ್ಳು ಹೇಳದೆ, ಗುಟ್ಟು ಬಿಟ್ಟುಕೊಡದೆ, ಹೇಳಬಹುದಾದ ನಿಜ ಎಷ್ಟಿದೆ ಎಂದು ಯೋಚಿಸಿದೆ. ಸಾಕಷ್ಟಿತ್ತು.

ಬೀಗರು ತಾಯಿ ಮಗುವನ್ನು ಕರೆದುಕೊಂಡು ಬಂದರು. ಕಾರಿನಲ್ಲಿ ಆಗಲೇ ಬಟ್ಟೆಗಂಟು ಇಟ್ಟುಕೊಂಡು, ಕೆ.ಆರ್. ಪೇಟೆಗೆ ಹೊರಡಲು ತಯಾರಾಗಿ. ಎಲ್ಲರನ್ನೂ ಒಳಗೆ ಕರೆದೆ, ಬೈರಮ್ಮನನ್ನೂ ಸೇರಿಸಿ. ಅದಕ್ಕೂ ಮೊದಲು ತಾಯಿಯೊಬ್ಬಳನ್ನೇ ಕರೆದು ಕೇಳಿಕೊಂಡಿದ್ದೆ. ಎಕ್ಸ್‌ರೇಗಳನ್ನು ಬೆಳಕಿನ ಮುಂದೆ ಸಾಲಾಗಿ ಸಿಕ್ಕಿಸಿದೆ.

"ನೋವಿದ್ದದ್ದು ಬಲಗೈ. ಎಡಗೈ ನೋಡಿ. ಅಲ್ಲೂ ಅದೇ. ಈ ಕಾಲು ನೋಡಿ, ಆ ಕಾಲು ನೋಡಿ. ನೀರು ಹಾಕುವವರು ನಾಲ್ಕನ್ನೂ ಒಂದೇ ಜಾಗದಲ್ಲಿ, ಒಂದೇ ಅಳತೆಗೆ ತಿರುಚೋಕೆ ಆಗುತ್ತಾ? ಇದು ಮೂಳೆಗೆ ತಗುಲಿದ ಸೋಂಕು. ಮಗು ಹೊಟ್ಟೆಯಲ್ಲಿದ್ದಾಗಲೇ ಶುರುವಾದದ್ದು. ಆಗ ಈ ಅಜ್ಜಿ ಮಗುವನ್ನು ಮುಟ್ಟಿಯೇ ಇರಲಿಲ್ಲ. ಅಂಗಾಲು ಸುಲಿದದ್ದು ಬಿಸಿನೀರಿಗಲ್ಲ, ಅದೂ ಇದರಿಂದಲೇ. ಗುಣವಾದದ್ದು ದಬ್ಬೆಯಿಂದ ಅಲ್ಲ, ಔಷಧಿಯಿಂದ. ಇವರ ಕೈಯಲ್ಲಿ ಯಾವ ತಪ್ಪೂ ಇಲ್ಲ. ಯಾರ ಮುಂದೆ ಬೇಕಾದರೂ ನಾನು ಇದನ್ನು ಹೇಳುತ್ತೇನೆ."

ಅತ್ತೆ ಚಿತ್ರಗಳ ಹತ್ತಿರ ಹೋಗಿ ಒಂದೊಂದನ್ನೂ ಬೆರಳಿಟ್ಟು ನೋಡಿದರು. ನೋಡಲು ಬರುತ್ತದೆ ದೊಡ್ಡಮ್ಮ, ತೋರಿಸಿದರೆ ಯಾರಿಗಾದರೂ ನೋಡಲು ಬರುತ್ತದೆ. ಆಮೇಲೆ ನನ್ನ ಕಡೆ ತಿರುಗಿದರು.

"ಅಂಗಾದ್ರೆ ಎಸ್ರೇನು ಇದ್ರುದ್ದು? ಯಾಕ್ ಬತ್ತು?"

"ಅದಕ್ಕಿಂತ ಹೆಚ್ಚಿಗೆ ನಾನು ಹೇಳುವುದಿಲ್ಲ."

"ಗೊತ್ತಿದ್ರಲ್ವಾ ಏಳಾಕೆ!" ಎಂದರು ಅತ್ತೆ. ಬೈರಮ್ಮ "ಅದೇಯ!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನು ಆಡಿದ ಮಾತು ನೆನಪಾಗಿ ಆ ನಗು ನನಗೆ ಹಗುರಾಯಿತು.

ನಗದೇ ಇದ್ದವನು ಒಬ್ಬನೇ, ಮಗುವಿನ ತಂದೆ. ಇಷ್ಟು ದಿನ ಅವನು ನನ್ನ ಮುಂದೆ ಬಾಯಿ ಬಿಟ್ಟವನಲ್ಲ. ಗೋಡೆಗೆ ಒರಗಿ ನಿಂತಿದ್ದವನು ಮುಂದೆ ಬಂದು, "ಸಾಕು ಬುಡವ್ವ. ನಮ್ಮತ್ತೇರ್ದು ಏನೂ ತಪ್ಪಿಲ್ಲ. ನಾವೇ ತಪ್ ಮಾಡಿದ್ದು. ಕೂಸ್ನ ಅವ್ರ ಕೈಗೆ ಕೊಡು" ಎಂದ. 'ನಾವೇ' ಎನ್ನುವಾಗ ಹೆಂಡತಿಯ ಕಡೆ ನೋಡಿದ. ಅದು ಅವಳಿಗೆ ಕೇಳಬೇಕಾದಷ್ಟು ಕೇಳಿತು, ಉಳಿದವರಿಗೆ ಬರೀ ಮಾತು.

ಅತ್ತೆ ಮಗುವನ್ನು ಕೊಟ್ಟರು. ಪುಟ್ಟಲಕ್ಷ್ಮಮ್ಮ ಸೆರಗಿನಿಂದ ಕೈ ಹೊರಗೆ ತೆಗೆದರು. ಕೂಸು ಬಲಗೈಯನ್ನೇ ಚಾಚಿ ಅವರ ಮೂಗುಬೊಟ್ಟನ್ನು ಹಿಡಿದುಕೊಂಡಿತು. ಬಟ್ಟೆಗಂಟು ಕೆ.ಆರ್. ಪೇಟೆಗೆ ಹೋಗಲಿಲ್ಲ, ಹೊಣಕೆರೆಯ ತವರಿನ ದಾರಿ ಹಿಡಿಯಿತು. ಬಾಣಂತನ ಪೂರ್ತಿ ಮುಗಿಸಿ, ಮಡಿಲು ತುಂಬಿಯೇ ಕಳಿಸುವುದಂತೆ.

ನನಗೆ ನಿನ್ನೆಯಿಂದ ಎದೆ ಉಬ್ಬಿಕೊಂಡೇ ಇದೆ. ಆವತ್ತು ರೋಗ ಕಂಡುಹಿಡಿದಾಗಲೂ ಇಷ್ಟು ಹೆಮ್ಮೆಯಾಗಿರಲಿಲ್ಲ. ಇದು ನನ್ನ ಬಗ್ಗೆ ಅಲ್ಲ. ನಾನು ನಿನ್ನ ಮನೆಯಲ್ಲಿ ಬೆಳೆದವಳು ಎನ್ನುವುದಕ್ಕೆ.

ನಿನ್ನ
ಸಿಂಚನ

*

ಗಂಜಾಂ
17 ಆಗಸ್ಟ್ 2025

ನನ್ನ ಚಿನ್ನದಂಥ ಮಗಳು ಸಿಂಚನಳಿಗೆ,

ನಿನ್ನ ಬೈಗುಳದ ಕಾಗದವನ್ನು ಹರಿಯಲಿಲ್ಲ. ಅದರಲ್ಲಿ ಅಕ್ಷರ ಎಷ್ಟು ದುಂಡಗಿವೆ ನೋಡು! ಸಿಟ್ಟಿನಲ್ಲೇ ಚೆನ್ನಾಗಿ ಬರೆಯುತ್ತೀಯ.

ಆ ಮಾತನ್ನು ಹೇಗೆ ಆಡಿದೆ ಎಂದು ಕೇಳಿದ್ದೀಯ. ಸುಲಭವಾಗಿ ಆಡಲಿಲ್ಲ. ರೋಗದ ಹೆಸರು ಹಲ್ಲಿನ ತನಕ ಬಂದಿತ್ತು. ಹೇಳಿಬಿಟ್ಟರೆ ಬೈರಮ್ಮನ ಬಾಯಿ ಮುಚ್ಚುತ್ತಿತ್ತು, ಪುಟ್ಟಲಕ್ಷ್ಮಮ್ಮ ಬದುಕಿಕೊಳ್ಳುತ್ತಿದ್ದಳು, ನೀನು ಗೆಲ್ಲುತ್ತಿದ್ದೆ, ನಾನಂತೂ ಮೆರೆದಾಡುತ್ತಿದ್ದೆ. ಆಗ ನೀನು ಬರೆದ ಆ ಹುಡುಗಿಯ ಮಾತು ನೆನಪಾಯಿತು. ಕೂಸು ಉಳಿಯುತ್ತದಾ ಎಂದು ಕೇಳಿದಳಲ್ಲ, ಅದು. ನಾನು ಅವಳ ಮುಖವನ್ನೂ ಕಂಡಿಲ್ಲ, ಆದರೂ ಅವಳು ನನ್ನ ಪಕ್ಕದಲ್ಲೇ ಕೂತಿದ್ದಾಳೆ ಅನ್ನಿಸಿತು. ಸುಮ್ಮನಿದ್ದರೆ ಇವರು ಬಿಡುವುದಿಲ್ಲ, ಕೆದಕುತ್ತಾರೆ. ಕೆದಕದಂತೆ ಮಾಡಲು ನನಗೆ ತೋಚಿದ್ದು ಅದೊಂದೇ, ನಿನ್ನನ್ನು ಅವರ ಕಾಲಕೆಳಗೆ ಹಾಕುವುದು. ಹಾಕಿದೆ.

ಮೊನ್ನೆ ಬೈರಮ್ಮ ಬಂದಳು. ಬುಟ್ಟಿ ಇಳಿಸಿದವಳೇ ಕಿವಿಗೆ ಬಾಯಿಟ್ಟಳು. ಪುಟ್ಟಲಕ್ಷ್ಮಮ್ಮನನ್ನು ಮತ್ತೆ ಊರಲ್ಲಿ ಕೂಸಿಗೆ ನೀರು ಹಾಕಲು ಕರೆದಿದ್ದಾರಂತೆ. ಬೀಗಿತ್ತಿಯೇ ಸೀರೆ ಕೊಟ್ಟು ತಪ್ಪಾಯಿತು ಎಂದಳಂತೆ. ಇಷ್ಟೆಲ್ಲ ಹೇಳಿ ಕೊನೆಗೆ, "ನಿಮ್ ಮಗ್ಳು ಒಳ್ಳೇವ್ಳು ಕಣಮ್ಮಾರೆ, ಕೈಗುಣ ಐತೆ. ಆದ್ರೆ ಕಾಯ್ಲೆ ಏನೂಂತ ಕೊನೇಗಂಟ ಗೊತ್ತಾಗ್ಲೇ ಇಲ್ಲ ಬುಡಿ ಅವ್ಳಿಗೆ" ಎಂದಳು. ಮೆಟ್ಟಿಲ ಮೇಲಿದ್ದವರೆಲ್ಲ ಲೊಚಗುಟ್ಟಿದರು. ಇನ್ನೂ ಚಿಕ್ಕವಳು, ಕಲಿಯುತ್ತಾಳೆ ಬಿಡಿ ಎಂದು ನನಗೆ ಸಮಾಧಾನ ಹೇಳಿದರು.

ನಾನು ಎದ್ದು ಸೆರಗು ಸರಿಮಾಡಿಕೊಂಡೆ. "ಹೌದಮ್ಮ, ನಮ್ಮ ಸಿಂಚನಳಿಗೆ ಗೊತ್ತಾಗಲೇ ಇಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಮಗೂ, ನಿನ್ನ ರ‍್ಯಾಂಕು, ನಿನ್ನ ಸೀಟು, ನಿನ್ನ ಕೆಲಸ, ಎಲ್ಲವನ್ನೂ ನಾನು ಈ ಮೆಟ್ಟಿಲ ಮೇಲೆ ಹೇಳಿಕೊಂಡಿದ್ದೇನೆ. ಯಾವುದನ್ನು ಹೇಳುವಾಗಲೂ ಇಷ್ಟು ಹೆಮ್ಮೆಯಾಗಿರಲಿಲ್ಲ. ಇನ್ನು ನಾನಿರುವ ತನಕ ಯಾರು ಕೇಳಿದರೂ ಹೀಗೇ ಹೇಳುತ್ತೇನೆ.

ದೊಡ್ಡಮ್ಮ